ಯಾರೂ ಎತ್ತದ ಚೀಟಿ

ನಮ್ಮ ಓಣಿಯ ಹನ್ನೆರಡು ಜನರ ಚೀಟಿ ಮುಗಿದದ್ದು ಒಂದು ಯುಗಾದಿಗೆ. ಕೊನೆಯ ಚೀಟಿ ಎತ್ತಿದ್ದು ನಾನು. ಆ ದುಡ್ಡಲ್ಲಿ ವಾಷಿಂಗ್ ಮಷೀನ್ ತಂದೆ. ಮುಂದಿನ ಚೀಟಿಯ ಮಾತಿಗೆ ಎಲ್ಲರೂ ಕೂತಾಗ ಎದುರು ಮನೆಯ ಟೀಚರಕ್ಕ ಅಂದರು: "ಈ ಸಲ ಯಾರೂ ಎತ್ತಲಾರದ ಚೀಟಿ ಹಾಕೋಣ್ರಿ. ಕೂಡಿದ್ದೆಲ್ಲಾ ಒಂದು ಕಡೆ ಕೊಟ್ಟುಬಿಡೋಣು."

ಅವರು ರಿಟೈರ್ ಆಗಿ ಒಂದು ವರ್ಷವಾಗಿತ್ತು. ಹೊತ್ತು ಹೋಗದೆ ಹೇಳ್ತಿದ್ದಾರೆ ಅಂದುಕೊಂಡೆ. ಆದರೆ ಅರ್ಧ ಗಂಟೆಯಲ್ಲಿ ಹನ್ನೆರಡೂ ಜನ ಹೂಂ ಅಂದಿದ್ದರು. ತಿಂಗಳಿಗೆ ತಲಾ 500 ರೂಪಾಯಿ, ವರ್ಷಕ್ಕೆ 72,000. ಬೆಂಗಳೂರಿನಲ್ಲಿರುವ ನನ್ನ ಅಳಿಯ ಇದಕ್ಕೆ ಗಿವಿಂಗ್ ಸರ್ಕಲ್ ಅಂತಾರೆ ಅಂದ. ಜನ ದುಡ್ಡು ಕೂಡಿಸಿ, ಯಾರಿಗೆ ಕೊಡಬೇಕು ಅನ್ನೋದನ್ನೂ ಕೂಡಿಯೇ ತೀರ್ಮಾನಿಸುವುದು. ನಾವು ಈಗಲೂ ಚೀಟಿ ಅಂತಲೇ ಕರೆಯುತ್ತೇವೆ.

ನನ್ನದು ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ, ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹಾಗಾಗಿ ವಹಿ ನನ್ನ ಕೈಗೆ ಬಂತು.

ದುಡ್ಡು ಕೂಡಿಸುವುದು ಸುಲಭ. ಯಾರಿಗೆ ಕೊಡಬೇಕು ಅನ್ನುವಾಗಲೇ ಜಗಳ. ಒಬ್ಬರಿಗೆ ಗುಡಿಯ ಕಳಸ, ಒಬ್ಬರಿಗೆ ಅಣ್ಣನ ಮಗ ನಡೆಸುವ ಶಾಲೆ, ಇನ್ನೊಬ್ಬರಿಗೆ ಗೋಶಾಲೆ. ಎರಡು ಸಭೆ ಇದರಲ್ಲೇ ಹೋದವು. ಕೊನೆಗೆ ಸಂಸ್ಥೆಯಲ್ಲಿ ಸಂಬಂಧಿಕರಿದ್ದವರು ಓಟು ಹಾಕುವಂತಿಲ್ಲ ಅಂತ ಗೊತ್ತುಮಾಡಿದೆವು. ಅಣ್ಣನ ಮಗನ ಶಾಲೆಯ ಮಾತು ಅಲ್ಲಿಗೇ ನಿಂತಿತು. ಆ ಅಕ್ಕ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮೂರು ಹೆಸರು ಉಳಿದವು. ಮೂರೂ ಕಡೆ ಹೋಗಿ ನೋಡೋಣ, ಆದರೆ ಕಾರ್ಯಕ್ರಮದ ದಿನ ಬೇಡ ಅಂದೆ. ಕಾರ್ಯಕ್ರಮಕ್ಕೆ ಹೋದರೆ ಶಾಲು, ಹಾರ, ಫೋಟೋ. ಅಲ್ಲಿ ಏನು ಗೊತ್ತಾಗುತ್ತದೆ? ಸುಮ್ನೆ ಒಂದು ಸಾದಾ ದಿನ ಹೋದರೆ ಎಷ್ಟು ಮಕ್ಕಳಿದ್ದಾರೆ, ಒಲೆ ಉರಿಯುತ್ತಿದೆಯಾ ಅಂತ ಕಣ್ಣಿಗೇ ಕಾಣುತ್ತದೆ.

ಒಂದು ಕಡೆ ಆಡಿಟ್ ವರದಿ ಕೇಳಿದ್ದಕ್ಕೆ ಮುಖ ಊದಿಸಿಕೊಂಡರು. "ನಂಬಿಕಿ ಇಲ್ಲಂದ್ರ ಬ್ಯಾಡ ಬಿಡ್ರಿ" ಅಂದರು. ಸರಿ, ಬಿಟ್ಟೆವು. ಇನ್ನೊಂದು ಕಡೆ 80ಜಿ ಪತ್ರ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಪತ್ರ, ತೋರಿಸಿದರು. ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿದ್ದರು, ಆದರೆ ಪತ್ರ 2012ರದ್ದು. 2021ರ ಏಪ್ರಿಲ್‌ನಿಂದ ನಿಯಮ ಬದಲಾಗಿ ಹಳೇ ಸಂಸ್ಥೆಗಳೆಲ್ಲ ಮತ್ತೆ ನೋಂದಣಿ ಮಾಡಿಸಬೇಕಿತ್ತು. ಇವರು ಮಾಡಿಸಿರಲಿಲ್ಲ. ಮೋಸ ಅಂತ ನಾನು ಹೇಳಲ್ಲ. ಆ ಯಜಮಾನರಿಗೆ ಗೊತ್ತೇ ಇರಲಿಲ್ಲ, ಪಾಪ.

ಮೂರನೆಯದು ದೇವದುರ್ಗ ತಾಲ್ಲೂಕಿನ ಒಂದು ಊರು. ನಮ್ಮ ಜಿಲ್ಲೆಯಲ್ಲಿ ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಬೆಳೆಯುತ್ತಾರೆ. ಮಳೆಯನ್ನೇ ನಂಬಿದ ಹೊಲಗಳಿರುವ ಊರುಗಳ ಕಥೆ ಬೇರೆ. ದೀಪಾವಳಿ ಮುಗಿಯುತ್ತಲೇ ಮನೆಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವವರು ಎಷ್ಟೋ ಜನ. ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತದೆ. 2002ರಲ್ಲಿ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸಂಜೆಗೆ? ಕಣ್ಣು ಮಂಜಾದ ಅಜ್ಜಿ ಒಲೆ ಹಚ್ಚಿದರೆ ಉಂಟು.

ಈ ಸಂಸ್ಥೆ ಸಂಜೆ ಮಕ್ಕಳನ್ನು ಕೂರಿಸಿ ಪಾಠ ಹೇಳಿ, ರಾತ್ರಿ ಊಟ ಹಾಕಿ ಮನೆಗೆ ಕಳಿಸುತ್ತದೆ. ದೀಪಾವಳಿಯಿಂದ ಯುಗಾದಿವರೆಗೆ, ಐದು ತಿಂಗಳು.

ಹೋದ ದಿನ ನಾವು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಹೋಗಿದ್ದೆವು. ಮಕ್ಕಳಿಗೆ ಬ್ಯಾಗು, ತಾಟು ಕೊಡಿಸುತ್ತೇವೆ, ಬ್ಯಾಗಿನ ಮೇಲೆ ನಮ್ಮ ಓಣಿಯ ಹೆಸರು ಅಚ್ಚು ಹಾಕಿಸುತ್ತೇವೆ ಅಂತ ಟೀಚರಕ್ಕ ಶುರುಮಾಡಿದರು. ಸಂಸ್ಥೆ ನಡೆಸುವ ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗಿನ ಕೋಣೆ ತೋರಿಸಿದರು. ಮೂಲೆಯಲ್ಲಿ ಬ್ಯಾಗಿನ ರಾಶಿ.

"ಬ್ಯಾಗ್ ಬ್ಯಾಡ್ರಿ ಅಕ್ಕಾರೆ. ಬ್ಯಾಗ್ ಎಲ್ಲಾರೂ ಕೊಡ್ತಾರ. ಅಡಗಿ ಮಾಡಾಕಿ ಪಗಾರ ಯಾರೂ ಕೊಡಂಗಿಲ್ರಿ."

ಅವರು ಖರ್ಚಿನ ವಹಿ ಮುಂದಿಟ್ಟರು. ಗೆರೆ ಹೊಡೆದ ಸಾದಾ ನೋಟ್‌ಬುಕ್. ಬೇಳೆ, ಎಣ್ಣೆ, ಸಿಲಿಂಡರ್, ಎಲ್ಲಕ್ಕೂ ಬಿಲ್ಲು ಅಂಟಿಸಿದ್ದರು. ನನ್ನ ಅಂಗಡಿಯ ವಹಿಯೂ ಇಷ್ಟು ಚೊಕ್ಕ ಇಲ್ಲ, ನಿಜ ಹೇಳ್ತೀನಿ. ಅಡುಗೆ ಮಾಡುವಾಕೆಗೆ ತಿಂಗಳಿಗೆ 6,000, ಪಾಠ ಹೇಳುವ ಹುಡುಗನಿಗೆ 8,000. ಐದು ತಿಂಗಳಿಗೆ 70,000. ಅಕ್ಕಿ-ಬೇಳೆ ಹೇಗೋ ಕೂಡಿಬರುತ್ತದೆ, ಊರವರೇ ಕೊಡುತ್ತಾರೆ. ಈ ಎರಡು ಪಗಾರ ಮಾತ್ರ ಪ್ರತಿ ವರ್ಷ ತಲೆನೋವು.

ವಾಪಸ್ ಬಸ್ಸಿನಲ್ಲಿ ವಾದ ಶುರುವಾಯಿತು. ಪಗಾರ ಕೊಟ್ಟರೆ ಏನು ಉಳಿಯುತ್ತದೆ, ತೋರಿಸಲು ಒಂದು ಸಾಮಾನಾದರೂ ಬೇಡವಾ ಅಂತ ಇಬ್ಬರು ಹಟ ಹಿಡಿದರು. ಹಾಲಿನ ಅಕ್ಕ ಕಿಟಕಿ ಕಡೆ ನೋಡುತ್ತಾ ಕೂತಿದ್ದವರು ತಿರುಗಿ, "ಕೊಪ್ಪಳದ ಗವಿಮಠದ ಜಾತ್ರಿಗೆ ನಮ್ಮ ತವರಾಗ ಮನಿಮನಿಗೂ ರೊಟ್ಟಿ ಬಡದು ಕಳಿಸ್ತಾರ. ರೊಟ್ಟಿ ಮ್ಯಾಲ ಯಾರ್ ಹೆಸರು ಬರದಿರ್ತಾರ?" ಅಂದರು. ಅವರು ಸಭೆಯಲ್ಲಿ ಮಾತಾಡುವವರೇ ಅಲ್ಲ. ಆಮೇಲೆ ಯಾರೂ ಬ್ಯಾಗಿನ ಸುದ್ದಿ ಎತ್ತಲಿಲ್ಲ.

ಓಟಿಗೆ ಒಂದೊಂದು ಸಂಸ್ಥೆಗೆ ಒಂದೊಂದು ಸ್ಟೀಲ್ ಡಬ್ಬಿ ಇಟ್ಟೆವು. ಒಬ್ಬರಿಗೆ ಒಂದು ಕಡಲೆಕಾಳು. ಕೈ ಎತ್ತಿಸಿದರೆ ಟೀಚರಕ್ಕನ ಮುಖ ನೋಡಿ ಎತ್ತುತ್ತಾರೆ, ಅದಕ್ಕೇ ಡಬ್ಬಿ. ದೇವದುರ್ಗದ ಡಬ್ಬಿಯಲ್ಲಿ ಹತ್ತು ಕಾಳು ಬಿದ್ದಿದ್ದವು.

ಮೊದಲ ವರ್ಷ ನಾವು ಮಾಡಿದ ಒಂದು ತಪ್ಪು ಹೇಳಲೇಬೇಕು. ಎಲ್ಲರ ದುಡ್ಡೂ ಟೀಚರಕ್ಕನ ಖಾತೆಗೆ ಹೋಗುತ್ತಿತ್ತು, ಅಲ್ಲಿಂದ ಸಂಸ್ಥೆಗೆ. ವರ್ಷದ ಕೊನೆಗೆ ರಸೀದಿ ಬಂತು, ಪೂರ್ತಿ 70,000 ಅವರೊಬ್ಬರ ಹೆಸರಿಗೆ! ತೆರಿಗೆ ವಿನಾಯಿತಿಗೆ ಬೇಕಾದ ಸರ್ಟಿಫಿಕೇಟ್ ಯಾರ ಖಾತೆಯಿಂದ ದುಡ್ಡು ಹೋಗಿದೆಯೋ ಅವರ ಪ್ಯಾನ್ ನಂಬರಿಗೆ ಬರುತ್ತದೆ. ನಮಗೆ ಯಾರಿಗೂ ಸಿಗಲಿಲ್ಲ. ಟೀಚರಕ್ಕ ಹೊಸ ತೆರಿಗೆ ಪದ್ಧತಿಯಲ್ಲಿದ್ದರು, ಅದರಲ್ಲಿ 80ಜಿ ವಿನಾಯಿತಿಯೇ ಇರಲಿಲ್ಲ. ಅಂದರೆ ಅವರಿಗೂ ಸಿಗಲಿಲ್ಲ. ಲೆಕ್ಕದವಳು ನಾನು, ಇದು ಮೊದಲೇ ಹೊಳೆಯಬೇಕಿತ್ತು. ಮಿಕ್ಕಿದ 2,000ದಲ್ಲಿ ಸಿಲಿಂಡರ್ ತುಂಬಿಸಿಕೊಟ್ಟೆವು. ಸಾಮಾನಿನ ರೂಪದಲ್ಲಿ ಕೊಟ್ಟದ್ದಕ್ಕೂ, 2,000 ದಾಟಿದ ನಗದಿಗೂ ವಿನಾಯಿತಿ ಇಲ್ಲ ಅನ್ನೋದು ಆಗಲೇ ಗೊತ್ತಾಗಿದ್ದು.

ಎರಡನೇ ವರ್ಷದಿಂದ ತೀರ್ಮಾನ ಕೂಡಿ, ದುಡ್ಡು ಬೇರೆ ಬೇರೆ. ಪ್ರತಿಯೊಬ್ಬರೂ ಅವರವರ ಖಾತೆಯಿಂದ ನೇರ ಸಂಸ್ಥೆಗೆ. ತಿಂಗಳಾ ತಿಂಗಳಾ ಬೇಡ, 3,000ದ ಎರಡು ಕಂತು ಮಾಡೋಣ ಅಂದೆವು. ಒಂದು ದಸರಾಕ್ಕೆ, ಇನ್ನೊಂದು ಜನವರಿ 1ಕ್ಕೆ.

ಜನವರಿ ಅಂದರೆ ಗಂಜ್‌ಗೆ ತೊಗರಿ ಬರುವ ಕಾಲ. ಉಸಿರಾಡಲು ಪುರುಸೊತ್ತಿರಲ್ಲ. ಉಳಿದವರಿಗೆ ಸಂಕ್ರಾಂತಿ ಖರ್ಚು, ಮಕ್ಕಳ ಫೀಸು. ತಿಂಗಳ ಕೊನೆಗೆ ಮೇಡಂ ಫೋನ್ ಮಾಡಿ, ಬೇಜಾರು ಮಾಡ್ಕೋಬ್ಯಾಡ್ರಿ ಅಂತ ಶುರುಮಾಡಿದಾಗ ವಹಿ ತೆಗೆದು ನೋಡಿದೆ. ಹನ್ನೆರಡರಲ್ಲಿ ಒಬ್ಬರೂ ಹಾಕಿರಲಿಲ್ಲ. ನನ್ನದೂ ಇಲ್ಲ. ಸಂಸ್ಥೆಯ ಹತ್ತಿರ ನಮ್ಮ ದುಡ್ಡು ಉಳಿದಿದ್ದು 8,000, ಬೇಕಾಗಿದ್ದು 14,000. ಮೇಡಂ ಹುಡುಗನಿಗೆ ಕೊಟ್ಟು ಅಡುಗೆಯಾಕೆಗೆ ತಡೆದಿದ್ದರು. ಹತ್ತು ದಿನ ತಡವಾಯಿತು. ಆಕೆ ಆ ಹತ್ತೂ ದಿನ ಬಂದು ಅಡುಗೆ ಮಾಡಿದ್ದಾಳೆ, ಒಂದು ಮಾತೂ ಆಡಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿದ್ದು. ನಾವು ದಾನ ಅಂತ ಹಗುರವಾಗಿ ತಗೊಂಡಿದ್ದೆವು, ಆಕೆಗೆ ಅದು ತಿಂಗಳ ಪಗಾರ. ಈಗ ಎರಡೂ ಕಂತು ದೀಪಾವಳಿಗೆ ಮೊದಲೇ ಹೋಗಬೇಕು. ತಡ ಮಾಡಿದವರ ಮನೆಗೆ ನಾನೇ ಹೋಗಿ ಕೂರುತ್ತೇನೆ. ಚಹಾ ಕುಡಿಸಿ ದುಡ್ಡು ಹಾಕುತ್ತಾರೆ.

ಇಬ್ಬರು ಬಿಟ್ಟರು, ಮೂವರು ಸೇರಿದರು. ಈಗ ಹದಿಮೂರು ಜನ. ಮೂರನೇ ವರ್ಷವೂ ಅದೇ ಸಂಸ್ಥೆಗೆ ಕೊಡಬೇಕಾ, ಬೇರೆ ನೋಡಬೇಕಾ ಅಂತ ಜಗಳ ಮತ್ತೆ ಶುರುವಾಗಿದೆ. ಎಲ್ಲಾ ಒಬ್ಬರಿಗೇ ಯಾಕೆ ಅನ್ನುತ್ತಾರೆ ಹೊಸಬರು. ಪ್ರತಿ ವರ್ಷ ಊರು ಬದಲಿಸಿದರೆ ಅಡುಗೆಯಾಕೆ ಯಾರನ್ನು ನಂಬಿ ಒಲೆ ಹಚ್ಚಬೇಕು ಅನ್ನುತ್ತೇನೆ ನಾನು. ನಾಗರ ಪಂಚಮಿ ಕಳೆದ ಮೇಲಿನ ಭಾನುವಾರ ಸಭೆ. ಡಬ್ಬಿ ತೊಳೆದು ಒಣಗಲು ಇಟ್ಟಿದ್ದೇನೆ.