ತಿರುವಿನಲ್ಲಿ ಎಂಜಿನ್‌ಗೆ ಆಯಿಲ್ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕಾರು ಒಯ್ಯುವ ಮಂಗಳೂರು, ಉಡುಪಿ ಕಡೆಯವರು ಮೊದಲು ಖರ್ಚು ಮಾಡುವುದು ಟೈರು, ಬ್ರೇಕ್ ಪ್ಯಾಡು ಮತ್ತು ಸಸ್ಪೆನ್ಷನ್‌ಗೆ. ಈ ಮೂರೂ ಸುಧಾರಿಸಿದಷ್ಟೂ ಕಾರು ತಿರುವಿನಲ್ಲಿ ಹೆಚ್ಚು ವೇಗ ತಾಳುತ್ತದೆ, ಮತ್ತು ಅಷ್ಟೇ ಪ್ರಮಾಣದಲ್ಲಿ ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಸಂಪ್, ಅಂದರೆ ಗ್ಯಾರೇಜಿನಲ್ಲಿ ಎಲ್ಲರೂ ಚೇಂಬರ್ ಎನ್ನುವ ಭಾಗ, ತನ್ನ ಕೆಲಸದಲ್ಲಿ ಸೋಲತೊಡಗುತ್ತದೆ.

ರಸ್ತೆ ಕಾರಿನ ಚೇಂಬರ್ ಅಗಲವಾಗಿ, ಆಳವಿಲ್ಲದೆ ಇರುತ್ತದೆ. 1 ಜಿ, ಅಂದರೆ ಗುರುತ್ವಕ್ಕೆ ಸಮನಾದ ಪಾರ್ಶ್ವ ಬಲದಲ್ಲಿ ಕಾರು ತಿರುಗುವಾಗ ಆಯಿಲಿನ ಮೇಲ್ಮೈ 45 ಡಿಗ್ರಿಯಷ್ಟು ಓರೆಯಾಗುತ್ತದೆ. ವಾಲಿಸಿದ ಉರುಳಿಯಲ್ಲಿ ಎಣ್ಣೆ ಒಂದು ಅಂಚಿಗೆ ಸೇರಿ ಉಳಿದ ತಳ ಬರಿದಾಗುವಂತೆ, ಆಯಿಲ್ ಒಂದು ಗೋಡೆಗೆ ಏರಿ ನಿಂತು ಪಂಪ್ ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಇದರ ಜೊತೆಗೆ, ಹೆಚ್ಚಿನ ಆರ್‌ಪಿಎಂನಲ್ಲಿ ಸಿಲಿಂಡರ್ ಹೆಡ್‌ಗೆ ಏರಿದ ಆಯಿಲ್ ಬೇಗ ಕೆಳಗಿಳಿಯುವುದಿಲ್ಲ. ಪಂಪ್ ನಿಮಿಷಕ್ಕೆ 30 ಲೀಟರ್ ತಳ್ಳುತ್ತಿದೆ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಅರ್ಧ ಲೀಟರ್ ಆಯಿತು. ಮೂರು ಲೀಟರ್ ಆಸುಪಾಸು ಆಯಿಲ್ ಹಿಡಿಯುವ ಸಣ್ಣ ಎಂಜಿನ್‌ನಲ್ಲಿ ಪಿಕಪ್ ಬರಿದಾಗಲು ಕೆಲವೇ ಸೆಕೆಂಡಿನ ಒಂದು ಉದ್ದ ತಿರುವು ಸಾಕಾಗುತ್ತದೆ. ಮೊದಲು ಸುಡುವುದು ಸಾಮಾನ್ಯವಾಗಿ ಬಿಗ್ ಎಂಡ್ ಬೇರಿಂಗ್‌ಗಳು (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವಲ್ಲಿ ಇರುವಂಥವು), ಏಕೆಂದರೆ ಮೇನ್ ಬೇರಿಂಗ್ ದಾಟಿ, ಕ್ರ್ಯಾಂಕ್‌ನೊಳಗಿನ ರಂಧ್ರದ ಮೂಲಕವೇ ಆಯಿಲ್ ಅವುಗಳನ್ನು ತಲುಪಬೇಕು.

ಯಾವ ಬದಿಯ ತಿರುವು ನಿಮ್ಮ ಕಾರಿಗೆ ಅಪಾಯಕಾರಿ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿರುವ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಎಂಜಿನ್ ಅಡ್ಡವಾಗಿ ಕೂತಿರುವುದರಿಂದ, ತಿರುವಿನಲ್ಲಿ ಹುಟ್ಟುವ ಪಾರ್ಶ್ವ ಬಲದಿಂದ ಆಯಿಲ್ ಚೇಂಬರಿನ ಉದ್ದಕ್ಕೂ ಸರಿಯುತ್ತದೆ. ಬಲಕ್ಕೆ ತಿರುಗಿದಾಗ ಅದು ಎಡಕ್ಕೆ ಓಡುತ್ತದೆ; ಪಿಕಪ್ ಬಲ ತುದಿಯಲ್ಲಿದ್ದರೆ ಬಲ ತಿರುವುಗಳೇ ನಿಮ್ಮ ಶತ್ರು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಪ್ರದಕ್ಷಿಣಾಕಾರವಾಗಿ ಸಾಗುವುದರಿಂದ ಅಂಥ ಕಾರಿಗೆ ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಏನೂ ಆಗಲಿಲ್ಲ ಎಂಬುದನ್ನು ದಯವಿಟ್ಟು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಅಲ್ಲಿನ ಹೇರ್‌ಪಿನ್‌ಗಳ ವೇಗ ಕಡಿಮೆ, ಪಾರ್ಶ್ವ ಬಲ ನಿಲ್ಲುವ ಹೊತ್ತು ಚಿಕ್ಕದು. ಜೊತೆಗೆ ಅದು ಬಸ್ಸು, ಲಾರಿ ಓಡಾಡುವ ಸಾರ್ವಜನಿಕ ರಸ್ತೆ, ಪರೀಕ್ಷೆಯ ಜಾಗವೇ ಅಲ್ಲ.

ಕೆಲಸ ಆರಂಭವಾಗಬೇಕಾದದ್ದು ಅಳತೆಯಿಂದ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆಯಿಲ್ ಪ್ರೆಶರ್ ಬಹುತೇಕ ಕುಸಿದ ಮೇಲಷ್ಟೇ ಹೊತ್ತಿಕೊಳ್ಳುವುದರಿಂದ ಟ್ರ್ಯಾಕಿನಲ್ಲಿ ಅದನ್ನು ನಂಬಲಾಗದು. ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್ಐ (ಒತ್ತಡದ ಅಳತೆ) ಇರಬೇಕೆಂಬುದು ಹಳೆಯ ಲೆಕ್ಕಾಚಾರ. ಅದನ್ನು ಆಧಾರವಾಗಿಟ್ಟುಕೊಂಡು, 30 ಪಿಎಸ್ಐಗಿಂತ ಕೆಳಗಿಳಿದರೆ ಹೊತ್ತುವ ದೊಡ್ಡ ದೀಪವೊಂದನ್ನು ಕಣ್ಣಿನ ನೇರಕ್ಕೆ ಹಾಕಿಸಿಕೊಳ್ಳಿ. ಭಾರವಾದ ಪ್ರೆಶರ್ ಸೆನ್ಸರನ್ನು ಹಿತ್ತಾಳೆಯ T ಆಕಾರದ ಜೋಡಣೆಯ ಮೇಲೆ ಎಂಜಿನ್ ಬ್ಲಾಕಿಗೇ ನೇತುಹಾಕಿದರೆ ಕಂಪನಕ್ಕೆ ಮುರಿಯುತ್ತದೆ. ಆದ್ದರಿಂದ ಹೋಸ್ ಎಳೆದು ಅದನ್ನು ಕಾರಿನ ಬಾಡಿಯ ಮೇಲೆ ಬಿಗಿಸಿರಿ. ಪ್ರೆಶರ್ ಮತ್ತು ಪಾರ್ಶ್ವ ಬಲ ಎರಡನ್ನೂ ಡೇಟಾ ದಾಖಲಿಸುವ ಸಾಧನವಾದ ಲಾಗರ್‌ನಲ್ಲಿ ದಾಖಲಿಸಲು ಸಾಧ್ಯವಾದರೆ, ತಿರುವಿನ ನಡುವೆ ಪ್ರೆಶರ್ ರೇಖೆ ಕುಸಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಓಡಿಸುವಾಗ ದೀಪ ಹೊತ್ತಿತೋ, ತಕ್ಷಣ ಕ್ಲಚ್ ಒತ್ತಿ ಆರ್‌ಪಿಎಂ ಇಳಿಸಿ. ನೇರ ರಸ್ತೆಗೆ ಬಂದರೂ ಆರದಿದ್ದರೆ ಎಂಜಿನ್ ಆಫ್ ಮಾಡಿ.

ಆಯಿಲ್ ಮಟ್ಟವನ್ನು ಟ್ರ್ಯಾಕ್ ತಲುಪಿದ ಮೇಲೆ, ಸಮತಟ್ಟಾದ ನೆಲದಲ್ಲಿ ಮತ್ತೊಮ್ಮೆ ನೋಡಿ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೆ ತನ್ನಿ. ಅರ್ಧ ಲೀಟರಿನಷ್ಟು ಹೆಚ್ಚು ಹಾಕುವವರಿದ್ದಾರೆ. ಕೆಲವು ಎಂಜಿನ್‌ಗಳಲ್ಲಿ ಅದು ನೆರವಾಗುತ್ತದೆ, ಆದರೆ ಕ್ರ್ಯಾಂಕ್ ಆಯಿಲಿಗೆ ಬಡಿಯುವಷ್ಟಾದರೆ ನೊರೆಯೆದ್ದು ಪಂಪ್ ಮತ್ತೆ ಗಾಳಿಯನ್ನೇ ಹೀರುತ್ತದೆ. ದಪ್ಪ ಆಯಿಲ್ ಬಿಸಿಯಲ್ಲಿ ಬೇರಿಂಗನ್ನು ಕಾಪಾಡಬಹುದು, ಬರಿದಾದ ಪಿಕಪ್ಪಿಗೆ ಅದು ಪರಿಹಾರವಲ್ಲ. ಮಳೆಗಾಲವಿಡೀ ನಮ್ಮ ಕರಾವಳಿಯ ತೇವದಲ್ಲಿ ನಿಂತೇ ಇದ್ದ ಕಾರಾದರೆ, ಫಿಲ್ಲರ್ ಮುಚ್ಚಳದಡಿ ಹಾಲಿನ ಬಣ್ಣದ ಲೇಪ ಇದೆಯೇ ನೋಡಿ, ಹಳೆಯ ಆಯಿಲ್ ತೆಗೆದು ಹೊಸದನ್ನು ಹಾಕಿಯೇ ಹೊರಡಿ.

ಕೊಟ್ಟ ಹಣಕ್ಕೆ ಅತಿ ಹೆಚ್ಚು ರಕ್ಷಣೆ ಕೊಡುವುದು ಬ್ಯಾಫಲ್, ಅಂದರೆ ಚೇಂಬರಿನೊಳಗಿನ ತಡೆಗೋಡೆ ಎಂಬುದು ನನ್ನ ದೃಢ ಅಭಿಪ್ರಾಯ. ಪಿಕಪ್ಪಿನ ಸುತ್ತ ನಾಲ್ಕು ಗೋಡೆ, ಅವುಗಳಲ್ಲಿ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳು, ಮೇಲೆ ರಂಧ್ರಗಳಿರುವ ಒಂದು ತಗಡು: ಇಷ್ಟರಿಂದ ಆಯಿಲ್ ಒಳಗೆ ಬರಬಹುದು, ತಿರುವಿನಲ್ಲಿ ಹೊರಗೆ ಓಡಲಾರದು. ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ವೆಲ್ಡಿಂಗ್ ಕೈ ಇರುವವರು ಇದನ್ನು ಮಾಡಿಕೊಡಬಲ್ಲರು. ಅಳತೆಯ ಹೊಣೆ ಮಾತ್ರ ನಿಮ್ಮದು. ಪಿಕಪ್ಪಿನ ಬಾಯಿಗೆ ಮಕ್ಕಳು ಆಡುವ ಮೆತ್ತನೆಯ ಕ್ಲೇ ಅಂಟಿಸಿ, ಗ್ಯಾಸ್ಕೆಟ್ ಇಟ್ಟು ಚೇಂಬರ್ ಬಿಗಿದು, ಮತ್ತೆ ಬಿಚ್ಚಿ ಒತ್ತಿಹೋದ ಕ್ಲೇಯ ದಪ್ಪ ಅಳೆಯಿರಿ. ಅದು 6ರಿಂದ 10 ಮಿ.ಮೀ. ಒಳಗಿರಲಿ: ಕಡಿಮೆಯಾದರೆ ಹೀರುವಿಕೆ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಬೇಗ ಗಾಳಿ ಸಿಗುತ್ತದೆ. ವೆಲ್ಡಿಂಗ್ ಆದ ಮೇಲೆ ಚೇಂಬರಿಗೆ ಸೀಮೆಎಣ್ಣೆ ಹೊಯ್ದು ರಾತ್ರಿಯಿಡೀ ಬಿಟ್ಟರೆ ಸೂಕ್ಷ್ಮ ಬಿರುಕೂ ಹೊರಗಿನಿಂದ ಒದ್ದೆಯಾಗಿ ಗೋಚರಿಸುತ್ತದೆ. ಸಿಲಿಕೋನ್ ಸೀಲಂಟನ್ನು ತೆಳ್ಳಗೆ ಎಳೆಯಿರಿ. ಒಳಕ್ಕೆ ಉಕ್ಕಿದ ತುಣುಕು ಕಳಚಿ ಪಿಕಪ್ಪಿನ ಜಾಲರಿ (ಸ್ಟ್ರೇನರ್) ಮುಚ್ಚಿದರೆ ಅಷ್ಟೂ ಶ್ರಮ ವ್ಯರ್ಥ.

ಬೈಕ್ ಎಂಜಿನ್ ಬಳಸಿ ಫಾರ್ಮುಲಾ ಸ್ಟೂಡೆಂಟ್ ಎಂಬ ಕಾಲೇಜು ಸ್ಪರ್ಧೆಗೆ ಕಾರು ಕಟ್ಟುವ ವಿದ್ಯಾರ್ಥಿಗಳಿಗೆ ಬ್ಯಾಫಲ್ ಇನ್ನೂ ಅಗತ್ಯ. ಬೈಕ್ ತಿರುವಿಗೆ ವಾಲುವುದರಿಂದ ಅದರ ಆಯಿಲ್ ತಳದಲ್ಲೇ ಉಳಿಯುತ್ತದೆ. ಅದೇ ಎಂಜಿನ್ ಕಾರಿನಲ್ಲಿ ನೆಟ್ಟಗೆ ನಿಂತಾಗ ಆ ಅನುಕೂಲ ಇಲ್ಲ.

ಬ್ಯಾಫಲ್ ಹಾಕಿದ ಮೇಲೂ ಪ್ರೆಶರ್ ಕುಸಿಯುತ್ತಿದ್ದರೆ ಅಕ್ಯುಸಂಪ್ ಮಾದರಿಯ ಅಕ್ಯುಮ್ಯುಲೇಟರ್ ಇದೆ. ಒತ್ತಡದಲ್ಲಿ ಹಿಡಿದಿಟ್ಟ ಆಯಿಲನ್ನು ಪ್ರೆಶರ್ ಇಳಿದೊಡನೆ ಎಂಜಿನ್ನಿಗೆ ಬಿಡುತ್ತದೆ. ಅಚ್ಚಿಲ್ಲದ ಸ್ಲಿಕ್ ಟೈರಿನಲ್ಲಿ ರೇಸ್‌ಗೇ ಇಳಿಯುವವರಿಗೆ, ಆಯಿಲನ್ನು ಚೇಂಬರಿನ ಬದಲು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ಪೂರ್ಣ ಪರಿಹಾರ, ಖರ್ಚು ಮಾತ್ರ ಬಹಳ.

ಟ್ರ್ಯಾಕಿನಿಂದ ಮರಳಿದ ಮೇಲೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೇರಿಂಗಿನ ಲೋಹ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಕಣ್ಣಿಗೆ ಹೊಳೆಯುತ್ತದೆ. ತಾಮ್ರದ ಬಣ್ಣದ ಕಣ ಕಂಡರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡದೆ, ಚೇಂಬರ್ ಬಿಚ್ಚಿ ಬಿಗ್ ಎಂಡ್ ಬೇರಿಂಗ್‌ಗಳನ್ನು ಒಂದೊಂದಾಗಿ ತೆಗೆದು ನೋಡಿರಿ.