ಗಿಡದ ಸಾರ ನಿಜವಾಗಿ ಕಾಪಾಡಿತಾ? ಹೀಗೆ ಪರೀಕ್ಷಿಸಿ

ಅಮೃತಬಳ್ಳಿಯ ಸಾರ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ವಿಷವನ್ನು ತಗ್ಗಿಸುತ್ತದೆಯೇ ಎಂದು ಇಲಿಗಳಲ್ಲಿ ನೋಡಲು ಹೊರಟಾಗ ನಾನು ಮೂರೇ ಗುಂಪು ಇಟ್ಟಿದ್ದೆ. ಏನೂ ಕೊಡದ್ದು, ಕೀಟನಾಶಕ ಕೊಟ್ಟದ್ದು, ಎರಡೂ ಕೊಟ್ಟದ್ದು. ಕೆಲಸವೆಲ್ಲ ಮುಗಿದ ಮೇಲೆ ಒಬ್ಬರು ಕೇಳಿದರು: "ಸಾರ ಒಂದನ್ನೇ ಕೊಟ್ಟರೆ ಲಿವರ್‌ಗೆ ಏನಾಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಐದು ಗುಂಪು ಇಡಿ. ನಾಲ್ಕನೆಯದು ಸಾರ ಮಾತ್ರ. ಐದನೆಯದು ಎಣ್ಣೆ ಮಾತ್ರ, ಯಾಕೆಂದರೆ ಕ್ಲೋರ್‌ಪೈರಿಫಾಸ್ ನೀರಿನಲ್ಲಿ ಕರಗುವುದೇ ಕಷ್ಟ, ಜೋಳದ ಎಣ್ಣೆಯಲ್ಲಿ ಕೊಡಬೇಕು. ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಇರಲಿ.

ಸಾರ ತೆಗೆಯುವುದು ಸುಲಭ. ಕಾಂಡವನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 70% ಎಥನಾಲ್‌ನಲ್ಲಿ ಎರಡು ಮೂರು ದಿನ ನೆನೆಸಿ. ಸೋಸಿ, 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ರೋಟರಿ ಇವಾಪೊರೇಟರ್‌ಗೆ ಹಾಕಿ ಎಥನಾಲ್ ಆವಿಯಾಗಿಸಿ.

ಸಾರವನ್ನೂ ಕೀಟನಾಶಕವನ್ನೂ ಬೆನ್ನುಬೆನ್ನಿಗೇ ಕೊಡಬೇಡಿ. ಹೊಟ್ಟೆಯೊಳಗೇ ಒಂದಕ್ಕೊಂದು ಅಂಟಿಕೊಂಡು ವಿಷ ರಕ್ತಕ್ಕೆ ಸೇರದೇ ಹೋಗಬಹುದು. ಅದು ರಕ್ಷಣೆಯಲ್ಲ, ಬರೀ ತಡೆ. ನಡುವೆ ಕೆಲವು ಗಂಟೆ ಬಿಡಿ.

ಈಗ ಅಳೆಯುವ ಕೆಲಸ. ಈ ಕೀಟನಾಶಕ ಹಿಡಿದು ಕೆಲಸ ನಿಲ್ಲಿಸುವುದು ನರಗಳ ಸಂದೇಶವನ್ನು ಮುಗಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು. ಎಲ್ಮನ್ 1961ರಲ್ಲಿ ಕೊಟ್ಟ ವಿಧಾನವೇ ಇವತ್ತಿಗೂ ಸಾಕು: ಕಿಣ್ವ ಕೆಲಸ ಮಾಡಿದಷ್ಟೂ ಹಳದಿ ಬಣ್ಣ ಬರುತ್ತದೆ, 412 ನ್ಯಾನೋಮೀಟರ್‌ನಲ್ಲಿ ಓದಬೇಕು. ಹಿಮೋಗ್ಲೋಬಿನ್ ಕೂಡ ಅಲ್ಲೇ ಬೆಳಕು ಹೀರುತ್ತದೆ, ಆದ್ದರಿಂದ ರಕ್ತಕ್ಕಿಂತ ಮಿದುಳಿನ ಅಂಗಾಂಶ ಒಳ್ಳೆಯದು. ಎಲ್ಲವೂ ಐಸ್ ಮೇಲಿರಲಿ. ಲಿವರ್‌ನಲ್ಲಿ ಮ್ಯಾಲನ್‌ಡೈಆಲ್ಡಿಹೈಡ್ (ಕೊಬ್ಬು ಆಕ್ಸಿಡೀಕರಣದಿಂದ ಹಾಳಾದಾಗ ಹುಟ್ಟುವ ವಸ್ತು) ನೋಡಿ, ಥಯೋಬಾರ್ಬಿಟ್ಯೂರಿಕ್ ಆಮ್ಲದ ಜೊತೆ ಅದು ಕೊಡುವ ಗುಲಾಬಿ ಬಣ್ಣ 532 ನ್ಯಾನೋಮೀಟರ್‌ನಲ್ಲಿ ಸಿಗುತ್ತದೆ.

ಮ್ಯಾಲನ್‌ಡೈಆಲ್ಡಿಹೈಡ್ ಇಳಿದು ಕಿಣ್ವದ ಚಟುವಟಿಕೆ ಏರದೇ ಇದ್ದರೆ, ಸಾರ ಆಕ್ಸಿಡೀಕರಣದ ಹಾನಿಯನ್ನು ತಗ್ಗಿಸಿದೆ ಅನ್ನಿ, ಅಷ್ಟೇ. ಪ್ರತಿವಿಷ ಅನ್ನಬೇಡಿ. ವಿಷ ಸೇವಿಸಿದವರಿಗೆ ಬೇಕಾದದ್ದು ಆಸ್ಪತ್ರೆ ಮತ್ತು ಅಟ್ರೋಪಿನ್, ಕಷಾಯ ಅಲ್ಲ. ಎರಡೂ ಸುಧಾರಿಸಿದರೂ ಕುಣಿಯಬೇಡಿ! ಕ್ಲೋರ್‌ಪೈರಿಫಾಸ್ ತಾನಾಗಿ ಕಿಣ್ವವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಲಿವರ್ ಅದನ್ನು ಆಕ್ಸಾನ್ ಆಗಿ ಬದಲಿಸಿದ ಮೇಲೆಯೇ ಅದು ಕಿಣ್ವವನ್ನು ಬಲವಾಗಿ ಹಿಡಿಯುವುದು. ನಿಮ್ಮ ಸಾರ ಆ ಬದಲಾವಣೆಯನ್ನೇ ನಿಧಾನ ಮಾಡಿರಬಹುದು, ಅಲ್ವಾ? ನೇರವಾಗಿ ಆಕ್ಸಾನ್ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಸ್ಲೈಡ್‌ಗಳ (ಸೂಕ್ಷ್ಮದರ್ಶಕದಲ್ಲಿ ನೋಡುವ ಲಿವರ್ ತುಣುಕುಗಳ ಗಾಜು) ಮೇಲೆ ಗುಂಪಿನ ಹೆಸರು ಬೇಡ, ಬರೀ ಸಂಖ್ಯೆ ಬರೆಯಿರಿ. ಹೆಸರು ಓದುತ್ತಾ ನಾನೇ ನೋಡಿದಾಗ ಸಾರ ಕೊಟ್ಟ ಲಿವರ್‌ಗಳೆಲ್ಲ ಚೆನ್ನಾಗಿಯೇ ಕಂಡಿದ್ದವು. ಹೆಸರು ಮುಚ್ಚಿ ಗೆಳತಿಯ ಕೈಗೆ ಕೊಟ್ಟೆ. ಅವಳಿಗೆ ಅಷ್ಟೇನೂ ಚೆನ್ನಾಗಿ ಕಾಣಲಿಲ್ಲ.