ಯುದ್ಧನಾಯಿಗಳ ಸ್ಮಾರಕ ಕಟ್ಟುವವರಿಗೆ

ಶಿಲ್ಪಿಯನ್ನು ಹುಡುಕುವ ಮೊದಲು ಹೆಸರುಗಳನ್ನು ಹುಡುಕಿ. ರೆಕ್ಸ್, ಪ್ರಿನ್ಸ್ ಎಂಬ ಹೆಸರಿನ ನಾಯಿಗಳು ಒಂದೇ ಯುದ್ಧದಲ್ಲಿ ಹಲವಾರು ಇರುತ್ತವೆ. ಹಾಗಾಗಿ ಪ್ರತಿ ಹೆಸರಿನ ಪಕ್ಕ ಸೇವಾ ಸಂಖ್ಯೆ, ನಡೆಸುತ್ತಿದ್ದ ಸೈನಿಕನ ಹೆಸರು, ಸತ್ತ ಜಾಗ, ದಿನಾಂಕ ಬರೆದಿಟ್ಟು ಎರಡು ಬೇರೆ ದಾಖಲೆಗಳಿಗೆ ತಾಳೆ ಹಾಕಿ. ಒಂದಕ್ಷರ ತಪ್ಪಿದರೂ ಕೆತ್ತನೆಯ ಆಳದಷ್ಟು ಕಲ್ಲಿನ ಇಡೀ ಮುಖವನ್ನೇ ಅರೆದು ತೆಗೆಯಬೇಕಾಗುತ್ತದೆ. ಪಟ್ಟಿಯ ಕೊನೆಗೆ ಐದರಲ್ಲೊಂದು ಭಾಗ ಖಾಲಿ ಬಿಡಿ. ಅನಾವರಣವಾದ ಮೇಲೆ ಹೊಸ ಹೆಸರುಗಳು ಬಂದೇ ಬರುತ್ತವೆ.

ಒಕ್ಕಣೆ ಚಿಕ್ಕದಿರಲಿ. ಲಂಡನ್ನಿನ ಪಾರ್ಕ್ ಲೇನ್‌ನಲ್ಲಿ 2004ರಲ್ಲಿ ಎದ್ದ, ಯುದ್ಧದಲ್ಲಿ ದುಡಿದ ಪ್ರಾಣಿಗಳ ಸ್ಮಾರಕದ ಮೇಲೆ ‘ಅವಕ್ಕೆ ಆಯ್ಕೆ ಇರಲಿಲ್ಲ’ ಎಂಬರ್ಥದ ಒಂದು ಸಾಲಿದೆ. ವೀರ, ಧೀರ ಎಂದು ಪೇರಿಸಿದ ವಿಶೇಷಣಗಳು ಅದರ ಮುಂದೆ ಸಪ್ಪೆ. ಎರಡು ಮೀಟರ್ ದೂರದಿಂದ ಓದಲು ಹೆಸರಿನ ಅಕ್ಷರ 20–25 ಮಿ.ಮೀ. ಎತ್ತರ ಇದ್ದರೆ ಸಾಕು. ಆದರೆ ನುಣುಪು ಗ್ರಾನೈಟಿನ ಮೇಲೆ ತೆಳುವಾಗಿ ಕೆತ್ತಿ ಬಣ್ಣ ತುಂಬದೆ ಬಿಟ್ಟರೆ ನಡುಹಗಲಲ್ಲಿ ಏನೂ ಕಾಣಿಸದು.

ಇನ್ನು ನಾಯಿಯ ಭಂಗಿ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ 1944ರಲ್ಲಿ ಮಡಿದ 25 ನಾಯಿಗಳ ಹೆಸರು ಹೊತ್ತ ಸ್ಮಾರಕದ ಮೇಲೆ ಕಂಚಿನ ಡಾಬರ್‌ಮನ್ ಕಿವಿ ನಿಮಿರಿಸಿ ಮಲಗಿದೆ. ನೋಡಲು ಚೆಂದವಷ್ಟೇ ಅಲ್ಲ, ಮಲಗಿದ ನಾಯಿ ಗಟ್ಟಿಯೂ ಹೌದು: ಮೈಯೆಲ್ಲ ಪೀಠಕ್ಕೆ ಒರಗಿರುತ್ತದೆ. ನಿಂತ ನಾಯಿಯ ಭಾರವೆಲ್ಲ ನಾಲ್ಕು ಸಣಕಲು ಕಾಲಿನ ಮೇಲೆ. ಮಕ್ಕಳು ಬೆನ್ನೇರಿದರೆ ಬಿರುಕು ಬಿಡುವುದು ಪಾದದ ಗಿಣ್ಣಿನಲ್ಲೇ, ಆಮೇಲೆ ಬಾಲದಲ್ಲಿ. ನಿಲ್ಲಿಸಲೇಬೇಕೆಂದರೆ ಕೈಗೆಟುಕದ ಎತ್ತರಕ್ಕೇರಿಸಿ. ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲ್‌ನಲ್ಲಿ 1923ರ ಸ್ಮಾರಕದ ನಾಯಿ ದೊಡ್ಡ ಬಂಡೆಯ ಮೇಲೆ ನಿಂತಿದೆ. ಸರಂಜಾಮು ಆಯಾ ಕಾಲದ್ದೇ ಇರಲಿ: ಮೊದಲ ಮಹಾಯುದ್ಧದಲ್ಲಿ ಸುದ್ದಿ ಒಯ್ಯುತ್ತಿದ್ದ ನಾಯಿಗೆ ಕೊರಳಪಟ್ಟಿಯಲ್ಲಿ ತಗಡಿನ ಕೊಳವೆ, ರೆಡ್ ಕ್ರಾಸ್ ನಾಯಿಗೆ ಪಕ್ಕೆಗಳ ಮೇಲೆ ಔಷಧದ ಚೀಲ.

ಕಂಚಿನ ಮೂರ್ತಿ ಒಳಗೆ ಟೊಳ್ಳು; ಎರಕದ ಗೋಡೆ 5–6 ಮಿ.ಮೀ. ದಪ್ಪ ಇರಲಿ. ಎರಕ ಹೊಯ್ಯುವಾಗ ಒಳಗೆ ತುಂಬಿದ್ದ ಮಣ್ಣು, ಅದನ್ನು ಹಿಡಿದಿಟ್ಟ ಕಬ್ಬಿಣದ ಮೊಳೆಗಳನ್ನು ಪೂರ್ತಿ ತೆಗೆಸಿ, ಇಲ್ಲದಿದ್ದರೆ ತುಕ್ಕು ಹೊರಗೆ ಜಿನುಗುತ್ತದೆ. ಮೂರ್ತಿಯ ತೀರಾ ತಗ್ಗಿನ ಜಾಗದಲ್ಲಿ ನೀರಿಳಿಯಲು 8–10 ಮಿ.ಮೀ. ತೂತು ಕೊರೆಸಿ. ಟೊಳ್ಳಿನಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಕಂಚನ್ನೇ ಸೀಳುತ್ತದೆ.

1.2 × 0.8 × 0.5 ಮೀಟರಿನ ಗ್ರಾನೈಟ್ ಪೀಠ ಸುಮಾರು 1.3 ಟನ್ ತೂಗುತ್ತದೆ. ಅದರ ಅಡಿಗೆ 150 ಮಿ.ಮೀ. ದಮ್ಮಸು ಮಾಡಿದ ಜಲ್ಲಿ, ಮೇಲೆ 200 ಮಿ.ಮೀ. ಕಂಬಿ ಹಾಕಿದ ಕಾಂಕ್ರೀಟ್, ಸುತ್ತಲೂ ಪೀಠಕ್ಕಿಂತ 150 ಮಿ.ಮೀ. ಅಗಲ. ನೆಲ ಹೆಪ್ಪುಗಟ್ಟುವ ಊರಾದರೆ ಅಡಿಪಾಯ ಆ ಆಳವನ್ನು ದಾಟಬೇಕು. ಪೀಠದ ಮೇಲ್ಮೈಗೆ 50ಕ್ಕೆ 1ರಷ್ಟು ಇಳಿಜಾರು ಕೊಡಿ. ತಿಳಿಬಣ್ಣದ ಕಲ್ಲಾದರೆ ಕಂಚಿನ ಕಿಲುಬು ಹಸಿರು ಗೆರೆಯಾಗಿ ಇಳಿಯುತ್ತದೆ, ಕಪ್ಪು ಕಲ್ಲಲ್ಲಿ ಎದ್ದು ಕಾಣದು.

ಮೂರ್ತಿ ಕೂರಿಸಲು 16 ಮಿ.ಮೀ.ನ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮರೆಸರಳು (ಮೂರ್ತಿಯನ್ನು ಕಲ್ಲಿಗೆ ಹಿಡಿದಿಡುವ, ಹೊರಗೆ ಕಾಣದ ಸರಳು) ನಾಲ್ಕು, ಕಲ್ಲಿನೊಳಗೆ 150 ಮಿ.ಮೀ. ಇಳಿಯುವಂತೆ. ಸಾದಾ ಕಬ್ಬಿಣ ಬೇಡವೇ ಬೇಡ. ತುಕ್ಕು ಹಿಡಿದು ಉಬ್ಬಿ ಗ್ರಾನೈಟನ್ನು ಒಡೆಯುತ್ತದೆ. ತೂತಿನ ಗುರುತನ್ನು ನಕ್ಷೆಯಿಂದಲ್ಲ, ತಯಾರಾದ ಎರಕದ ತಳದಿಂದಲೇ ಕಾಗದಕ್ಕೆ ಇಳಿಸಿಕೊಳ್ಳಿ. ಕೊರೆದ ಪುಡಿಯನ್ನು ಊದಿ, ಬ್ರಷ್ ಆಡಿಸಿ, ಮತ್ತೆ ಊದಿ. ಸರಳು ಕೂರಿಸಲು ತೂತಿಗೆ ತುಂಬುವ ಎಪಾಕ್ಸಿ ಅಂಟು ಧೂಳಿಗೆ ಅಂಟಿದರೆ ಕಲ್ಲಿಗೆ ಅಂಟುವುದಿಲ್ಲ.

ವರ್ಷಕ್ಕೊಮ್ಮೆ ಮೃದು ಬ್ರಷ್ ಮತ್ತು ಕ್ಷಾರವಿಲ್ಲದ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎರಡು ಕೈ ಮೇಣ ಹಚ್ಚಿ. ಹುಳಿಯಿಂದ, ಲೋಹದ ಪಾಲಿಶ್‌ನಿಂದ ಉಜ್ಜಿದರೆ ಕಂಚಿನ ಬಣ್ಣ ಹೋಗಿಬಿಡುತ್ತದೆ. ಮೂಗು, ನೆತ್ತಿ ಮಾತ್ರ ಜನರ ಕೈ ತಾಗಿ ತಾಗಿ ಹೊಳೆಯತೊಡಗುತ್ತವೆ. ಅಲ್ಲಿಗೆ ಮತ್ತೆ ಬಣ್ಣ ಕಟ್ಟುವ ಗೋಜಿಗೆ ಹೋಗದೆ ಆರು ತಿಂಗಳಿಗೊಮ್ಮೆ ಮೇಣ ಹಚ್ಚಿದರಾಯಿತು.